ದಾಖಲಾತಿ ಆಯಿತು, ಮುಂದೇನು?

‘ಸೇರಿಸ್ಕಂಡವ್ರ, ಅಷ್ಟೇ ಸಾಕು ಬುಡಿ.’ ಅರಿಶಿನ, ಚೆಂಡು ಹೂವು ಬೆಳೆಯುವ ಚಾಮರಾಜನಗರದ ಹರವೆ ಸೀಮೆಯಲ್ಲಿ ಅಂಗವಿಕಲ ಮಗುವಿನ ತಾಯಿ ಹೀಗೆಂದರೆ ಅಚ್ಚರಿಯಿಲ್ಲ. ಆ ಮಾತಿನಲ್ಲಿ ಮೇಷ್ಟ್ರ ಮೇಲಿನ ಗೌರವವಿದೆ, ಊರವರ ಋಣದಲ್ಲಿದ್ದೇವೆ ಎಂಬ ಸಂಕೋಚವೂ ಇದೆ. ಆದರೆ ಸೇರಿಸಿಕೊಳ್ಳುವುದು ಯಾರ ಉಪಕಾರವೂ ಅಲ್ಲ. ಕಾನೂನಿನ ಪ್ರಕಾರ ಶಾಲೆಯ ಕೆಲಸ ಶುರುವಾಗುವುದೇ ದಾಖಲಾತಿಯ ನಂತರ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರ 16ನೇ ಕಲಮು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಮಗುವಿಗೆ ಅಗತ್ಯವಾದ ನೆರವನ್ನು, ಬೇಕಾದರೆ ಆ ಮಗುವಿಗೆಂದೇ ರೂಪಿಸಿ, ಕೊಡಬೇಕು ಎನ್ನುತ್ತದೆ. ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು, ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡುವುದು, ಅಂಗವಿಕಲ ಮಕ್ಕಳಿಗೆ, ಹೆಚ್ಚಿನ ಆಸರೆ ಬೇಕಾದ ಮಗುವಾದರೆ ಅದರ ಸಹಾಯಕರಿಗೂ, ವಾಹನ ಸೌಲಭ್ಯ ಒದಗಿಸುವುದು ಇದರಲ್ಲೇ ಬರುತ್ತವೆ. ಇದಕ್ಕೆ ಶೇ 40ರಷ್ಟು ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕೆಂದು ಆ ಕಲಮಿನಲ್ಲಿ ಎಲ್ಲೂ ಬರೆದಿಲ್ಲ. ಶೇ 40ರ ಮಾತು ಬರುವುದು 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದಂಥ ಕೆಲವು ಸೌಲಭ್ಯಗಳಿಗೆ. ‘ಮೊದಲು ಯುಡಿಐಡಿ ಕಾರ್ಡ್ ತನ್ನಿ, ಆಮೇಲೆ ನೋಡೋಣ’ ಎಂದು ಕಳಿಸುವುದು ಹಲವು ಕಡೆ ರೂಢಿ. ಅಂಗವಿಕಲರ ಈ ಗುರುತಿನ ಕಾರ್ಡ್ ಮಾಡಿಸಿಕೊಳ್ಳಿ, ಬೇಡವೆಂದಲ್ಲ. ಆದರೆ ಅದು ಕೈಗೆ ಬರುವವರೆಗೆ ಪಾಠ ಕಾಯಬೇಕಾಗಿಲ್ಲ.

ಮಗುವಿಗೆ ಬೇಕಾದ ಈ ನೆರವಿನ ನಕ್ಷೆಗೆ ವೈಯಕ್ತಿಕ ಶಿಕ್ಷಣ ಯೋಜನೆ ಎನ್ನುತ್ತಾರೆ. ಶಾಲೆಗಳಲ್ಲಿ ಬಳಕೆಯಲ್ಲಿರುವ ಹೆಸರು ಐಇಪಿ. ಅಮೆರಿಕದಲ್ಲಿ 1975ರ ಕಾನೂನು ಇದನ್ನು ಕಡ್ಡಾಯ ಮಾಡಿತು, ಅಲ್ಲಿ ಪೋಷಕರನ್ನು ಕೂರಿಸಿಕೊಂಡೇ ಬರೆಯಬೇಕು. ನಮ್ಮಲ್ಲಿ ಇದನ್ನು ತಯಾರಿಸುವುದು ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಬಿಐಇಆರ್‌ಟಿ, ಅಂದರೆ ತಾಲ್ಲೂಕು ಸಂಪನ್ಮೂಲ ಶಿಕ್ಷಕರು. ಒಬ್ಬರ ತಲೆ ಮೇಲೆ ಹತ್ತಾರು ಶಾಲೆ. ಹಾಗಾಗಿ ಯೋಜನೆ ಫೈಲಿನಲ್ಲೇ ಉಳಿಯುವ ಅಪಾಯ ಹೆಚ್ಚು. ವಿಶೇಷ ಶಿಕ್ಷಕರ ಕೊರತೆ ಕಂಡು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಪ್ರಮಾಣವನ್ನು ಗೊತ್ತುಮಾಡುವಂತೆ ಕೇಂದ್ರಕ್ಕೆ ಹೇಳಿತ್ತು.

ಒಳ್ಳೆಯ ಯೋಜನೆ ದೊಡ್ಡ ಮಾತು ಆಡುವುದಿಲ್ಲ. ನಾಲ್ಕನೇ ತರಗತಿಯ ಹುಡುಗಿಗೆ ಎಡಗಿವಿ ಕೇಳಿಸದು ಎನ್ನಿ. ಹಾಳೆಯಲ್ಲಿ ಹೀಗಿರಬೇಕು: ಬಲಗಿವಿ ಮೇಷ್ಟ್ರ ಕಡೆಗಿರುವಂತೆ ಮೊದಲ ಸಾಲಿನ ಎಡತುದಿಯಲ್ಲಿ ಕೂರಿಸುವುದು, ಬೋರ್ಡಿನತ್ತ ತಿರುಗಿ ಪಾಠ ಹೇಳದಿರುವುದು, ಉಕ್ತಲೇಖನದ ಪದಗಳನ್ನು ಮುಖ ಕಾಣುವಂತೆ ಎರಡು ಸಲ ಹೇಳುವುದು, ದಸರೆ ರಜೆಯೊಳಗೆ ಒತ್ತಕ್ಷರ ಬರೆಯುವಂತಾಗುವುದು, ಇದನ್ನೆಲ್ಲ ನೋಡಿಕೊಳ್ಳುವವರ ಹೆಸರು. ಶ್ರವಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಈ ಹಾಳೆಗೆ ಹೋಲಿಸಿದರೆ, ಎಷ್ಟೋ ಶಾಲೆಗಳ ಮುಂದೆ ಹೊಸ್ತಿಲಿಗೆ ಎರಡಂಗುಲ ಕೆಳಗೇ ನಿಂತುಹೋಗುವ ಇಳಿಜಾರು ದಾರಿ ಬರೀ ಸಿಮೆಂಟಿನ ಖರ್ಚು.

ಶಾಲೆಗೆ ಬರಲಾಗದ ತೀವ್ರ ಅಥವಾ ಬಹುವಿಧ ಅಂಗವೈಕಲ್ಯದ ಮಗುವಿನ ಪೋಷಕರು ಮನೆಯಲ್ಲೇ ಶಿಕ್ಷಣವನ್ನು ಆಯ್ದುಕೊಳ್ಳಬಹುದು, ಶಿಕ್ಷಣ ಹಕ್ಕು ಕಾಯ್ದೆಗೆ (ಆರ್‌ಟಿಇ) 2012ರಲ್ಲಿ ಸೇರಿದ ತಿದ್ದುಪಡಿ ಇದು. ಆಯ್ಕೆ ಪೋಷಕರದ್ದು, ಮಗುವನ್ನು ಮನೆಯಲ್ಲೇ ಇಡಿ ಎನ್ನಲು ಶಾಲೆಗೆ ಅದು ನೆಪವಾಗಬಾರದು. ಸಮಗ್ರ ಶಿಕ್ಷಣದಲ್ಲಿ ಅಂಗವಿಕಲ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಶಿಷ್ಯವೇತನವೂ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಲಿಪಿಕಾರರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ: ಇವು 17ನೇ ಕಲಮಿನಲ್ಲಿವೆ. ಎಸ್ಸೆಸ್ಸೆಲ್ಸಿ ಹತ್ತಿರವಾದಾಗ ಓಡಾಡುವುದಕ್ಕಿಂತ ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರ ಬಳಿ ಪ್ರಸ್ತಾಪಿಸುವುದು ಲೇಸು.

ಯಾರ ಬಳಿ ಹೋಗಬೇಕೆಂಬುದೂ ಗೊತ್ತಿರಲಿ. ಹರವೆ ಹೋಬಳಿಯವರಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ಬಿಆರ್‌ಸಿ ಕಚೇರಿ ಚಾಮರಾಜನಗರದ್ದು. ತೆರಕಣಾಂಬಿ, ಬೇಗೂರು ಕಡೆಯವರಿಗೆ ಗುಂಡ್ಲುಪೇಟೆಯದ್ದು. ಕೂಲಿ ಬಿಟ್ಟು ತಪ್ಪು ಕಚೇರಿಗೆ ಹೋದರೆ ಒಂದು ದಿನದ ದುಡಿಮೆ ಹೋಯಿತು. ಅದಕ್ಕೆ ಮೊದಲು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಅಂಗವಿಕಲ ಮಕ್ಕಳ ಪೋಷಕರಿಗೂ ಪ್ರಾತಿನಿಧ್ಯ ಕೇಳಬಹುದು, ಆರ್‌ಟಿಇ ಅದಕ್ಕೆ ಅವಕಾಶ ಕೊಟ್ಟಿದೆ.

‘ನನ್ನ ಮಗುವಿನ ಐಇಪಿ ತೋರಿಸಿ, ಒಂದು ಪ್ರತಿ ಕೊಡಿ’ ಎಂದು ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಶಾಲೆಗೆ ಕೊಡಿ. ಇನ್ನೊಂದು ಪ್ರತಿಯ ಮೇಲೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಂಡೇ ಮನೆಗೆ ಬನ್ನಿ. ಬಿಇಒ ಕಚೇರಿಯಲ್ಲೂ ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಬರೆಯುವಾಗ ಲಗತ್ತಿಸಬೇಕಾದ ದಾಖಲೆ ಅದೇ.