ಮುಳ್ಳೂರಿನ ದೋಣಿಗಾರರು, ಸೊಪ್ಪಿನ ಹೆಂಗಸರು

ಯೂರೋಪಿಗೆ ಬಂದ ನಮ್ಮವರು ರಜೆ ಸಿಕ್ಕರೆ ವೆನಿಸ್ ನೋಡುತ್ತಾರೆ, ವಿಯೆನ್ನಾ ನೋಡುತ್ತಾರೆ. ಇವೆರಡರ ನಡುವೆ ಇರುವ ಸ್ಲೊವೇನಿಯಾ ರೈಲಿನ ಕಿಟಕಿಯಾಚೆಗೇ ಉಳಿದುಬಿಡುತ್ತದೆ. ವೈದ್ಯಕೀಯ ಸಮ್ಮೇಳನವೊಂದಕ್ಕೆ ಆ ದೇಶದ ರಾಜಧಾನಿ ಲುಬ್ಲಿಯಾನಕ್ಕೆ ಹೋಗಿದ್ದ ನಾನು, ಸಂಜೆ ಬಿಡುವಾದಾಗಲೆಲ್ಲ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ ನಡೆದು ತರ್ನೊವೊ ಎಂಬಲ್ಲಿಗೆ ಹೋಗುತ್ತಿದ್ದೆ. ಇಂದು ಅದು ನಗರದ ಒಂದು ಬಡಾವಣೆ. ಹಿಂದೆ ಕೋಟೆಗೋಡೆಯ ಹೊರಗಿನ ಹಳ್ಳಿ.

ಸ್ಲೊವೇನಿಯನ್ ಭಾಷೆಯಲ್ಲಿ 'ತರ್ನ್' ಎಂದರೆ ಮುಳ್ಳು. ಸಂಸ್ಕೃತದಿಂದ ನಮಗೆ ಬಂದಿರುವ 'ತೃಣ' ಇದೇ ಬೇರಿನ ಪದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಂತೂ ಇದು 'ಮುಳ್ಳೂರು'!

ಪಶ್ಚಿಮದಿಂದ ಬರುವ ಗ್ರಾದಾಶ್ಚಿತ್ಸಾ ಎಂಬ ಕಿರುಹೊಳೆ ಇಲ್ಲಿ ಲುಬ್ಲಿಯಾನಿತ್ಸಾ ನದಿಯನ್ನು ಸೇರುತ್ತದೆ. ಹೊಳೆಯ ಬಡಗಣ ದಡದಲ್ಲಿ ಬೆಸ್ತರ ಕ್ರಾಕೊವೊ, ತೆಂಕಣ ದಡದಲ್ಲಿ ದೋಣಿಗಾರರ ತರ್ನೊವೊ. ಅದರಾಚೆಗೆ ಸುಮಾರು 160 ಚದರ ಕಿಲೋಮೀಟರ್ ಜೌಗು ಬಯಲು. ಜೌಗು ಎಂದೊಡನೆ ವೈದ್ಯನ ಮನಸ್ಸು ಸೊಳ್ಳೆಯತ್ತ ಓಡುತ್ತದೆ. ಇಲ್ಲಿಯವರಿಗೆ ದೊಡ್ಡ ಚಿಂತೆ ನೆರೆಯದು. ನೆರೆನೀರನ್ನು ಬೇರೆ ದಾರಿಗೆ ತಿರುಗಿಸಲೆಂದು 1772ರಲ್ಲಿ ಗ್ರೂಬರ್ ಎಂಬ ಜೆಸ್ಯೂಟ್ ಪಾದ್ರಿ ಕೋಟೆಗುಡ್ಡದ ಹಿಂದಿನಿಂದ ಕಾಲುವೆ ತೋಡಿಸಲು ತೊಡಗಿದರು. ಅದು ಇಂದಿಗೂ ಹರಿಯುತ್ತಿದೆ.

ಲುಬ್ಲಿಯಾನಿತ್ಸಾಗೆ ಏಳು ಹೆಸರಿನ ನದಿ ಎಂಬ ಖ್ಯಾತಿ ಇದೆ. ಸುಣ್ಣಕಲ್ಲಿನ ಸೀಮೆಯಲ್ಲಿ ನೆಲದೊಳಗೆ ಮಾಯವಾಗಿ, ಮತ್ತೆ ಮೇಲೆ ಬಂದಾಗ ಹೊಸ ಹೆಸರು ಪಡೆಯುತ್ತಾ ಬಂದು, ಕೊನೆಗೆ ವರ್ಹ್ನಿಕಾ ಎಂಬ ಊರಿನ ಬಳಿ ಚಿಮ್ಮುತ್ತದೆ. ಅಲ್ಲಿಂದ ಮುಂದೆ ನೆಲ ಸಮತಟ್ಟು, ಹರಿವು ನಿಧಾನ. ದೋಣಿಗೆ ಹೇಳಿಮಾಡಿಸಿದ ನೀರು. ತ್ರಿಯೆಸ್ತೆ ಬಂದರಿನ ಸರಕು ವರ್ಹ್ನಿಕಾವರೆಗೆ ಗಾಡಿಯಲ್ಲಿ, ಅಲ್ಲಿಂದ ರಾಜಧಾನಿಗೆ ದೋಣಿಯಲ್ಲಿ. ರೋಮನ್ನರೂ ಇದೇ ಜಲಮಾರ್ಗವನ್ನು ಬಳಸಿದ್ದರು. (ಇದೇ ಜೌಗಿನಲ್ಲಿ 2002ರಲ್ಲಿ ಸಿಕ್ಕ ಮರದ ಚಕ್ರಕ್ಕೆ ಐದು ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು!)

ವಿಯೆನ್ನಾ ಕಡೆಯಿಂದ ರೈಲು 1849ರಲ್ಲಿ ಲುಬ್ಲಿಯಾನ ತಲುಪಿತು. 1857ರಲ್ಲಿ ತ್ರಿಯೆಸ್ತೆ ಸೇರಿತು. ಚರಿತ್ರೆಯ ಪುಸ್ತಕಗಳು ಅದನ್ನು ಪ್ರಗತಿ ಎನ್ನುತ್ತವೆ. ಹುಟ್ಟು ಹಾಕಿ ಬದುಕುತ್ತಿದ್ದ ತರ್ನೊವೊದ ಮನೆಗಳಿಗೆ ಅದು ಅನ್ನಕ್ಕೆ ಬಿದ್ದ ಹೊಡೆತ.

ಊರನ್ನು ಉಳಿಸಿದ್ದು ಹೆಂಗಸರ ಕೈತೋಟ ಎಂದು ನನಗನ್ನಿಸುತ್ತದೆ. ತರ್ನೊವೊ, ಕ್ರಾಕೊವೊಗಳ ಹೆಂಗಸರು ಸೊಪ್ಪು ತರಕಾರಿ ಬೆಳೆದು ಪೇಟೆಗೆ ಹೊತ್ತು ಮಾರುತ್ತಿದ್ದರು. 'ಸೊಲಾತಾರಿತ್ಸೆ', ಅಂದರೆ ಲೆಟ್ಯೂಸ್ ಸೊಪ್ಪಿನ ಹೆಂಗಸರು, ಎಂದೇ ಅವರಿಗೆ ಹೆಸರು. ಕ್ರಾಕೊವೊದ ಮನೆಗಳು ಬೀದಿಗೆ ಕಿರಿದಾದ ಮುಖ ತೋರಿಸಿ, ಹಿಂದೆ ಉದ್ದನೆಯ ತೋಟ ಚಾಚಿಕೊಂಡಿವೆ. ರಾಜಧಾನಿಯ ನಟ್ಟನಡುವೆ, ಚಿನ್ನದ ಬೆಲೆಯ ನೆಲದಲ್ಲಿ, ಈಗಲೂ ಲೆಟ್ಯೂಸ್ ಮತ್ತು ಹುರುಳಿಕಾಯಿ! ಒಂದು ಬೇಲಿಯ ಬಳಿ ನಿಂತು ನೋಡುತ್ತಿದ್ದಾಗ ಒಳಗಿದ್ದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ಕಳೆ ಕೀಳಲು ಬಾಗಿದರು. ಆ ವಯಸ್ಸಿನಲ್ಲಿ ಅಷ್ಟು ಸಲೀಸಾಗಿ ಬಾಗುವ ಮೊಣಕಾಲು ನನ್ನ ಹೊರರೋಗಿ ವಿಭಾಗದಲ್ಲಿ ಅಪರೂಪ.

ಸ್ಲೊವೇನಿಯಾದ ಮಹಾಕವಿ ಪ್ರೆಶೆರೆನ್ 1833ರಲ್ಲಿ ಯೂಲಿಯಾ ಎಂಬ ಶ್ರೀಮಂತರ ಮಗಳನ್ನು ಕಂಡು ಮನಸೋತದ್ದು ತರ್ನೊವೊದ ಚರ್ಚಿನಲ್ಲಿ. ಪ್ರೇಮ ಕೈಗೂಡಲಿಲ್ಲ, ಭಾಷೆಗೆ ಕಾವ್ಯ ಸಿಕ್ಕಿತು. ಇಂದಿನ ಎರಡು ಗೋಪುರಗಳ ಚರ್ಚು ಆಮೇಲೆ ಕಟ್ಟಿದ್ದು.

ಆ ಚರ್ಚಿನ ಹಿಂದಿನ ಮನೆಯಲ್ಲಿ 1921ರಿಂದ ನೆಲೆಸಿದ್ದವರು ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್. ನೆರೆ ತಡೆಯಲು ನದಿಗೆ ಕಲ್ಲು ಕಾಂಕ್ರೀಟಿನ ದಂಡೆ ಕಟ್ಟಿ ಅದನ್ನು ಚರಂಡಿಯಂತೆ ಮಾಡಿಬಿಡುವುದು ಸುಲಭವಿತ್ತು. ಪ್ಲೆಚ್ನಿಕ್ ದಂಡೆಗೆ ಮೆಟ್ಟಿಲು ಇಟ್ಟರು. ಗ್ರಾದಾಶ್ಚಿತ್ಸಾದಲ್ಲಿ ಬಟ್ಟೆ ಒಗೆಯುವ ಹೆಂಗಸರು ನೀರಿಗಿಳಿಯಲು ಒಂದಿಷ್ಟು. ಹಳೆಯ ದೋಣಿ ತಂಗುದಾಣದಲ್ಲಿ ವಿಲ್ಲೋ ಮರಗಳ ನೆರಳಿನಲ್ಲಿ ಅಗಲವಾದ ಸಾಲು ಮೆಟ್ಟಿಲು. ಚರ್ಚಿನ ಮುಂದೆ 1932ರಲ್ಲಿ ಮುಗಿದ ಅವರ ಸೇತುವೆಯ ಮೇಲೆ ಬರ್ಚ್ ಮರಗಳೇ ಬೆಳೆದಿವೆ! ಈ ದಂಡೆ, ಸೇತುವೆಗಳೂ ಸೇರಿದಂತೆ ನಗರದಲ್ಲಿನ ಅವರ ಕೃತಿಗಳನ್ನು ಯುನೆಸ್ಕೋ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋಗುವವರು ಬೆಳಿಗ್ಗೆಯೇ ಹೋಗಿ. ಮೊದಲು ಕ್ರಾಕೊವೊದ ತೋಟಗಳ ಓಣಿ, ಆಮೇಲೆ ಸೇತುವೆ, ಕೊನೆಗೆ ತಂಗುದಾಣದ ಮೆಟ್ಟಿಲು. ಮಕ್ಕಳಿಗೆ ಬಾತುಕೋಳಿ ತೋರಿಸಬಹುದು. ನದಿಯಲ್ಲಿ ಈಗಲೂ ದೋಣಿ ಓಡಾಡುತ್ತವೆ, ಪ್ರವಾಸಿಗಳನ್ನು ಹೊತ್ತು.