ಹತ್ತೇ ಅಡಿ ಹಾರುವ ಚೆಂಡು

ಕ್ರಿಕೆಟ್ ಪ್ರಾಕ್ಟೀಸಿಗೆ ಕಟ್ಟುವ ಬಲೆಯನ್ನೇ ಗಾಲ್ಫಿಗೂ ಕಟ್ಟಿಕೊಂಡರೆ ಸಾಲದೇ ಎಂದು ಕೇಳುವವರು ಬಹಳ ಮಂದಿ. ಸಾಲದು. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್, ನಿಯಮದ ಪ್ರಕಾರ ಅದಕ್ಕಿಂತ ಚಿಕ್ಕದಿರುವಂತಿಲ್ಲ. ತೂಕ 45.93 ಗ್ರಾಂ, ಅದಕ್ಕಿಂತ ಹೆಚ್ಚಿರುವಂತಿಲ್ಲ. ಕ್ರಿಕೆಟ್ ಬಲೆಯ ಕಣ್ಣು ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ. ಚೆಂಡು ಸಲೀಸಾಗಿ ತೂರಿಕೊಂಡು ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಬಡಿದಾಗಲೇ ವಿಷಯ ಗೊತ್ತಾಗುವುದು. ಬಾಲ್ಕನಿಗೆ ಪಾರಿವಾಳ ಬಾರದಂತೆ ಕಟ್ಟುತ್ತಾರಲ್ಲ, ಆ ಬಲೆಯೂ ಆಗದು. ಅದರ ಎಳೆ ತೆಳು. ಒಂದೇ ಜಾಗಕ್ಕೆ ಪದೇ ಪದೇ ಪೆಟ್ಟು ಬಿದ್ದರೆ ತಡೆದುಕೊಳ್ಳುವುದಿಲ್ಲ. ಬೇಕಿರುವುದು ಒಂದಿಂಚಿಗಿಂತ ಚಿಕ್ಕ ಕಣ್ಣಿನ, ಗಂಟು ಹಾಕಿ ಹೆಣೆದ, ದಪ್ಪ ಎಳೆಯ ನೈಲಾನ್ ಬಲೆ.

ನಾನು ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರುಮಾಡಿದವನು. ಬೇರೆಯವರ ಬ್ಯಾಗ್ ಹೊತ್ತು, ಕಳೆದ ಚೆಂಡು ಹುಡುಕಿಕೊಟ್ಟು, ಸೋಮವಾರ ಕೋರ್ಸ್ ಖಾಲಿಯಿದ್ದಾಗ ಹಳೆಯ ಕ್ಲಬ್ಬಿನಲ್ಲಿ, ಅಂದರೆ ಹಳೆಯ ಗಾಲ್ಫ್ ದಾಂಡಿನಲ್ಲಿ, ಆಡಿ ಕಲಿತವನು. ಈಗ ಜನರ ಮನೆಗೇ ಹೋಗಿ ಕಲಿಸುತ್ತೇನೆ. ಈ ಊರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಆದರೆ ಕ್ಲಬ್ಬುಗಳ ಸದಸ್ಯತ್ವ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕವರಿಗೂ ವೈಟ್‌ಫೀಲ್ಡಿನಿಂದ ದೊಮ್ಮಲೂರಿಗೆ ಬಂದು ಒಂದು ಬುಟ್ಟಿ ಚೆಂಡು ಹೊಡೆದು ವಾಪಸಾಗುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಹಾಗಾಗಿ ಟೆರೇಸು, ಕಾರ್ ಪಾರ್ಕಿಂಗು, ಮಕ್ಕಳು ವಿದೇಶಕ್ಕೆ ಹೋಗಿ ಖಾಲಿಬಿದ್ದ ಕೋಣೆ, ಹೀಗೆ ಎಲ್ಲೆಲ್ಲೂ ಬಲೆ ಏಳುತ್ತಿದೆ.

ಬಲೆ ಕಟ್ಟುವಾಗ ಜನ ಅದನ್ನು ಬಿಗಿಯಾಗಿ ಎಳೆದು ಕಟ್ಟಿಸುತ್ತಾರೆ, ನೋಡಲು ಅಚ್ಚುಕಟ್ಟಾಗಿರುತ್ತದೆಂದು. ಬಿಗಿ ಬಲೆ ಚೆಂಡನ್ನು ಹೊಡೆದವನ ಮೊಣಕಾಲಿಗೇ ವಾಪಸ್ ಕಳಿಸುತ್ತದೆ. ಸಾಧಾರಣ ಆಟಗಾರ ದೂರದ ಹೊಡೆತದ ಕ್ಲಬ್ಬಾದ ಡ್ರೈವರ್‌ನಲ್ಲಿ ಹೊಡೆದರೂ ಚೆಂಡಿನ ವೇಗ ಗಂಟೆಗೆ 200 ಕಿಲೋಮೀಟರಿನ ಆಸುಪಾಸು. ಅಮೆರಿಕದ ಪಿಜಿಎ ಟೂರ್ ಆಟಗಾರರದು ಸುಮಾರು 270. ಅಷ್ಟು ವೇಗ ಇಳಿಯಬೇಕಾದರೆ ಬಲೆ ಜೋಲಾಡಬೇಕು, ಚೆಂಡಿನ ಜೊತೆ ಒಂದೆರಡು ಅಡಿ ಹಿಂದೆ ಹೋಗಬೇಕು. ಅದಕ್ಕೇ ಬಲೆಯ ಹಿಂದೆ ಗೋಡೆಗೂ ಬಲೆಗೂ ನಡುವೆ ಜಾಗ ಬಿಡಬೇಕು. ಚೆಂಡು ಹೆಚ್ಚಾಗಿ ಬೀಳುವ ಕಡೆ ಒಂದು ಹಳೆಯ ಜಮಖಾನವನ್ನು ಬಲೆಯ ಮುಂದೆ ಸಡಿಲವಾಗಿ ಇಳಿಬಿಟ್ಟರೆ ಬಲೆಯೂ ಬಾಳುತ್ತದೆ, ಸದ್ದೂ ಕಡಿಮೆ. ಪಕ್ಕಕ್ಕೂ ಬಲೆ ಬೇಕೇ ಬೇಕು. ಕ್ಲಬ್ಬಿನ ಮುಖದ ಬದಲು ಅದರ ಕತ್ತಿಗೆ ತಾಗಿದ ಚೆಂಡು ಬಲಕ್ಕೆ ಸಿಡಿಯುತ್ತದೆ. ಶ್ಯಾಂಕ್ ಎನ್ನುವುದು ಅದಕ್ಕೇ. ಆ ಚೆಂಡಿಗೆ ಎದುರಿನ ಬಲೆ ಲೆಕ್ಕಕ್ಕಿಲ್ಲ. ಬಿಸಿಲಿಗೆ ನೈಲಾನ್ ಪುಡಿಪುಡಿಯಾಗುತ್ತದೆ, ಆದ್ದರಿಂದ ಬೇಸಿಗೆ ಮುಗಿದ ಮೇಲೆ ಎಳೆಯನ್ನು ಬೆರಳಲ್ಲಿ ಜಗ್ಗಿ ನೋಡಿ. ಕೋಣೆಯೊಳಗೆ ಕಟ್ಟುವವರು ಸೂರಿನ ಎತ್ತರ ನೋಡಿಕೊಳ್ಳಬೇಕು. ಹತ್ತಡಿ ಇದ್ದರೆ ಹೆಚ್ಚಿನವರಿಗೆ ಸಾಕು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ತೊಲೆ, ಪೈಪು ಕೆಳಗಿಳಿದಿರುತ್ತವೆ. ಡ್ರೈವರ್ ಹಿಡಿದು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ ನೋಡದೆ ಜೋರಾಗಿ ಬೀಸಬೇಡಿ.

ಇಷ್ಟಾದ ಮೇಲೂ ಬಲೆ ಒಂದು ಸುಳ್ಳು ಹೇಳುತ್ತದೆ. ಅದನ್ನು ಅರಿಯದೆ ಮನೆಯಲ್ಲಿ ಸಾವಿರ ಚೆಂಡು ಹೊಡೆದರೂ ಕೋರ್ಸಿನಲ್ಲಿ ಆಟ ಅಲ್ಲಿಗೇ ನಿಂತಿರುತ್ತದೆ.

ಜಯನಗರದಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಟೆರೇಸಿನ ಮೇಲೆ ಜಿಐ ಪೈಪ್ ನೆಟ್ಟು ಚೆಂದದ ಬಲೆ ಕಟ್ಟಿಸಿದ್ದಾರೆ. ಸಂಡಿಗೆ ಒಣಗಿಸುವ ಜಾಗ ಹೋಯಿತೆಂದು ಮನೆಯಾಕೆಗೆ ಸಿಟ್ಟು. ನಾನು ಮೊದಲ ಸಲ ಹೋದಾಗ ಸಾಹೇಬರು ಡ್ರೈವರ್ ಹಿಡಿದು ಒಂದರ ಹಿಂದೊಂದು ಹೊಡೆದರು. ಎಲ್ಲವೂ ಬಲೆಯ ನಡುಮಧ್ಯಕ್ಕೆ.

"ನೋಡಪ್ಪಾ ಮಂಜು, ಇಲ್ಲಿ ಒಂದೂ ಆಚೀಚೆ ಆಗಲ್ಲ. ಕೋರ್ಸಿಗೆ ಹೋದ್ರೆ ಎಲ್ಲಾ ಬಲಕ್ಕೆ ತಿರುಗಿ ಮರಕ್ಕೆ ಹೋಗುತ್ತೆ. ಅಲ್ಲಿ ನನಗೆ ಏನಾಗುತ್ತೆ?"

"ಸಾರ್, ಅಲ್ಲಿ ಆಗೋದೇ ಇಲ್ಲೂ ಆಗ್ತಾ ಇದೆ. ಅಮ್ಮಾವ್ರೇ, ಸ್ವಲ್ಪ ಪೌಡರ್ ಡಬ್ಬಿ ಕೊಡ್ತೀರಾ?"

ಅವರು ಮುಖ ಗಂಟುಹಾಕಿಕೊಂಡೇ ಒಳಗಿಂದ ತಂದುಕೊಟ್ಟರು. ಡ್ರೈವರಿನ ಮುಖಕ್ಕೆ ಪೌಡರ್ ತೆಳುವಾಗಿ ಸವರಿ ಹೊಡೆಯಲು ಹೇಳಿದೆ. ಚೆಂಡು ಮತ್ತೆ ನಡುಮಧ್ಯಕ್ಕೇ ಹೋಯಿತು. ಕ್ಲಬ್ ತಿರುಗಿಸಿ ತೋರಿಸಿದೆ. ಬಿಳಿಯ ನಡುವೆ ದುಂಡನೆಯ ಕಪ್ಪು ಗುರುತು, ಗುಳಿಗಳ ಚುಕ್ಕಿ ಸಮೇತ, ಮುಖದ ಮಧ್ಯದಿಂದ ಒಂದಿಂಚು ಆಚೆ, ಕೋಲು ಸೇರುವ ಹಿಮ್ಮಡಿಯ ಕಡೆಗೆ ಬಿದ್ದಿತ್ತು. ಇನ್ನೊಂದು ಹೊಡೆದರು, ಅದೂ ಅಲ್ಲೇ. ಡ್ರೈವರಿನ ಹಿಮ್ಮಡಿಗೆ ತಾಗಿದರೆ, ಬಲಗೈ ಆಟಗಾರನಿಗೆ ಚೆಂಡು ಬಲಕ್ಕೆ ಬಾಗುವಂತೆ ಸುತ್ತುತ್ತದೆ. ಆದರೆ ಆ ಬಾಗು ಕಾಣಬೇಕಾದರೆ ಚೆಂಡು ಇನ್ನೂ ನೂರು ಗಜ ಹಾರಬೇಕು. ಬಲೆಯವರೆಗಿನ ಹತ್ತಡಿಯಲ್ಲಿ ಬಲಕ್ಕೆ ಬಾಗುವ ಸ್ಲೈಸೂ ನೇರ, ಎಡಕ್ಕೆ ಬಾಗುವ ಹುಕ್ಕೂ ನೇರ.

ಆದ್ದರಿಂದ ಬಲೆ ಕಟ್ಟಿದವರಿಗೆ ನಾನು ಹೇಳುವುದು: ಚೆಂಡು ಎಲ್ಲಿಗೆ ಹೋಯಿತೆಂದು ನೋಡಬೇಡಿ, ಮುಖಕ್ಕೆ ಎಲ್ಲಿ ತಾಗಿತೆಂದು ನೋಡಿ. ಹಾಗೆಂದು ಬಲೆಯಲ್ಲಿ ಚೆಂಡು ಬಿದ್ದ ಜಾಗ ಪೂರ್ತಿ ದಂಡವೂ ಅಲ್ಲ. ಚೆಂಡು ಮೊದಲು ಯಾವ ದಿಕ್ಕಿಗೆ ಹೊರಡುತ್ತದೆ ಎನ್ನುವುದನ್ನು ಬಹುಪಾಲು ನಿರ್ಧರಿಸುವುದು, ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಎಂಬುದು. ನಾನು ಕ್ಯಾಡಿಯಾಗಿದ್ದ ಕಾಲದಲ್ಲಿ ಕೋಚುಗಳು ಇದನ್ನು ಉಲ್ಟಾ ಹೇಳಿಕೊಡುತ್ತಿದ್ದರು: ಕ್ಲಬ್ ಬೀಸಿದ ದಾರಿಯಲ್ಲಿ ಚೆಂಡು ಹೊರಡುತ್ತದೆ, ಮುಖ ನೋಡುವ ಕಡೆಗೆ ಆಮೇಲೆ ತಿರುಗುತ್ತದೆ ಎಂದು. ಯಂತ್ರಗಳು ಬಂದು ಅಳೆದ ಮೇಲೆ ಆ ಪಾಠ ಬಿದ್ದುಹೋಯಿತು. ಬಲೆಯ ಮೇಲೆ ಗುರಿಗೆಂದು ಒಂದು ರಿಬ್ಬನ್ ಕಟ್ಟಿಕೊಳ್ಳಿ. ಚೆಂಡು ಅದಕ್ಕಿಂತ ಬಲಕ್ಕೆ ಬಿದ್ದರೆ ಮುಖ ತೆರೆದಿತ್ತು, ಎಡಕ್ಕೆ ಬಿದ್ದರೆ ಮುಚ್ಚಿತ್ತು ಎಂದು ಹೆಚ್ಚುಕಡಿಮೆ ಹೇಳಬಹುದು. ಬೀಸಿದ ದಾರಿ ಮಾತ್ರ ಬಲೆಗೆ ಗೊತ್ತಾಗದು. ಅದಕ್ಕೆ ಖಾಲಿ ಚಪ್ಪಲಿ ಡಬ್ಬ ಸಾಕು. ಚೆಂಡಿಗಿಂತ ಒಂದಡಿ ಹಿಂದೆ, ಗುರಿಗೆರೆಯ ಆಚೆ ಮಗ್ಗುಲಿಗೆ ಇಡಿ. ಹೊರಗಿನಿಂದ ಒಳಕ್ಕೆ ಕೊಯ್ಯುವವರ ಕ್ಲಬ್ಬು ಡಬ್ಬಕ್ಕೆ ಬಡಿಯುತ್ತದೆ. ಸಾಹೇಬರು ಮೊದಲ ವಾರ ಡಬ್ಬಗಳನ್ನೆಲ್ಲ ಚಿಂದಿ ಮಾಡಿದರು.

ಇನ್ನು ಮ್ಯಾಟು. ಬಲೆಗೆ ದುಡ್ಡು ಸುರಿದು ಮ್ಯಾಟಿನಲ್ಲಿ ಉಳಿಸುವವರನ್ನು ಕಂಡರೆ ನನಗೆ ರೇಗುತ್ತದೆ. ಕಾಂಕ್ರೀಟಿನ ಮೇಲೆ ತೆಳ್ಳಗಿನ ಮ್ಯಾಟು ಹಾಸಿ ಐರನ್ ಕ್ಲಬ್ ಬೀಸಿದರೆ ಪೆಟ್ಟೆಲ್ಲ ಮಣಿಕಟ್ಟಿಗೆ, ಮೊಣಕೈಗೆ. ಮೊಣಕೈ ಒಳಮಗ್ಗುಲ ನೋವಿಗೆ ಡಾಕ್ಟರುಗಳೇ 'ಗಾಲ್ಫರ್ಸ್ ಎಲ್ಬೋ' ಎನ್ನುತ್ತಾರೆ. ಅಡಿಯಲ್ಲಿ ದಪ್ಪ ಫೋಮ್ ಇರುವ ಮ್ಯಾಟು ತರಿಸಿ. ಮ್ಯಾಟಿನ ಇನ್ನೊಂದು ಮೋಸವೆಂದರೆ, ಚೆಂಡಿಗಿಂತ ಎರಡಿಂಚು ಹಿಂದೆ ನೆಲಕ್ಕೆ ಹೊಡೆದರೂ ಕ್ಲಬ್ಬು ಅದರ ಮೇಲೆ ಜಾರಿ ಚೆಂಡಿಗೆ ಚೆನ್ನಾಗೇ ತಾಗುತ್ತದೆ. ಹುಲ್ಲಿನಲ್ಲಿ ಅದೇ ಹೊಡೆತಕ್ಕೆ ಕ್ಲಬ್ಬು ಮಣ್ಣು ಅಗೆದು ಚೆಂಡು ಮೂವತ್ತು ಗಜಕ್ಕೆ ಬೀಳುತ್ತದೆ. ಚೆಂಡಿನ ಹಿಂದೆ ನಾಲ್ಕು ಬೆರಳು ಬಿಟ್ಟು ಟವೆಲ್ ಮಡಿಸಿ ಹಾಸಿ, ಟವೆಲ್ ಮುಟ್ಟದೆ ಹೊಡೆಯಿರಿ.

ಸಿಮ್ಯುಲೇಟರಿಗೆ ಬರೋಣ. ದುಡ್ಡಿದ್ದವರು ಈಗ ನೇರವಾಗಿ ಇದಕ್ಕೇ ಬರುತ್ತಾರೆ. ಎದುರಿಗೆ ದಪ್ಪ ಬಟ್ಟೆಯ ಪರದೆ, ಸೂರಿನಲ್ಲಿ ಪ್ರೊಜೆಕ್ಟರ್, ಪರದೆಯ ಮೇಲೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಕೋರ್ಸು. ಹೊಡೆದ ಚೆಂಡು ಪರದೆಗೆ ಬಡಿದು ಕೆಳಗೆ ಬೀಳುತ್ತದೆ. ಚಿತ್ರದ ಚೆಂಡು ಮಾತ್ರ ಅಲ್ಲಿಂದ ಮುಂದಕ್ಕೆ ಹಾರಿ ಹುಲ್ಲಿನ ಮೇಲೆ ಉರುಳುತ್ತದೆ. ಹತ್ತಡಿ ದಾಟಲು ಚೆಂಡಿಗೆ ಬೇಕಾಗುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಉಳಿದ ಇನ್ನೂರು ಗಜ ಪೂರ್ತಿ ಲೆಕ್ಕಾಚಾರ. ಯಂತ್ರ ಹಿಡಿಯುವುದು ಚೆಂಡಿನ ವೇಗ, ಮೇಲೆದ್ದ ಕೋನ, ಹೊರಟ ದಿಕ್ಕು, ಸುತ್ತುವ ರಭಸ ಮತ್ತು ಸುತ್ತಿನ ಓರೆ. ಆಮೇಲೆ ಗಾಳಿಯ ತಡೆ ಎಷ್ಟು, ಹಿಂದಕ್ಕೆ ಸುತ್ತುವ ಚೆಂಡನ್ನು ಗಾಳಿ ಎಷ್ಟು ಎತ್ತಿಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಹಾದಿ ಬರೆಯುತ್ತದೆ. ಒಳ್ಳೆಯ ಸೆವೆನ್ ಐರನ್ ಹೊಡೆತದಲ್ಲಿ ಚೆಂಡು ನಿಮಿಷಕ್ಕೆ ಏಳು ಸಾವಿರದಷ್ಟು ಸುತ್ತು ತಿರುಗುತ್ತಿರುತ್ತದೆ.

ಇದನ್ನು ಅಳೆಯುವ ಯಂತ್ರಗಳಲ್ಲಿ ಎರಡು ಜಾತಿ. ಒಂದು ರೇಡಾರ್. ಡೆನ್ಮಾರ್ಕಿನಲ್ಲಿ 2003ರಲ್ಲಿ ಶುರುವಾದ ಟ್ರ್ಯಾಕ್‌ಮ್ಯಾನ್ ಇದರಲ್ಲಿ ಹೆಸರುವಾಸಿ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಫ್ರೆಡ್ರಿಕ್ ಟುಕ್ಸೆನ್ ಅದಕ್ಕೂ ಮೊದಲು ಸಿಡಿಗುಂಡುಗಳ ಹಾದಿ ಅಳೆಯುವ ರೇಡಾರಿನಲ್ಲಿ ಪಳಗಿದ ಎಂಜಿನಿಯರ್. ಟ್ರ್ಯಾಕ್‌ಮ್ಯಾನಿನ ಬೆಲೆ ಹೆಚ್ಚಿನವರ ಕೈಗೆಟುಕುತ್ತಿರಲಿಲ್ಲ. 2021ರಲ್ಲಿ ಗಾರ್ಮಿನ್ ಕಂಪನಿ ಆರ್10 ಎಂಬ ಅಂಗೈಯಗಲದ ರೇಡಾರನ್ನು 600 ಡಾಲರಿಗೆ ತಂದ ಮೇಲೆ ಸಾಧಾರಣ ಜನರೂ ಇತ್ತ ನೋಡಿದರು. ಇನ್ನೊಂದು ಜಾತಿ ಕ್ಯಾಮೆರಾ. ಚೆಂಡಿನ ಪಕ್ಕದಲ್ಲೋ ಸೂರಿನಲ್ಲೋ ಇದ್ದು, ಹೊಡೆದ ಕ್ಷಣದ ಚಿತ್ರಗಳನ್ನು ಮಿಂಚಿನ ವೇಗದಲ್ಲಿ ತೆಗೆದು, ಚೆಂಡು ಎಷ್ಟು ಸರಿಯಿತು, ಎಷ್ಟು ತಿರುಗಿತು ಎಂದು ನೋಡುತ್ತದೆ.

ನಮ್ಮ ಮನೆಗಳಿಗೆ ಈ ವ್ಯತ್ಯಾಸ ಮುಖ್ಯ. ಹಿಂದೆ ನಿಲ್ಲಿಸುವ ರೇಡಾರಿಗೆ ಚೆಂಡಿನ ಹಿಂದೆ ಏಳೆಂಟು ಅಡಿ, ಮುಂದೆ ಎಂಟು ಹತ್ತು ಅಡಿ ಬೇಕು. 12 ಅಡಿಯ ಬೆಡ್‌ರೂಮಿನಲ್ಲಿ ಅದನ್ನಿಟ್ಟು ಅಂಕಿ ಸರಿಯಿಲ್ಲವೆಂದು ಬೈದರೆ ಯಂತ್ರ ಏನು ಮಾಡೀತು? ಚೆಂಡು ಹಾರುವ ದೂರ ಕಡಿಮೆಯಾದಷ್ಟೂ ರೇಡಾರಿಗೆ ಸುತ್ತು ಹಿಡಿಯುವುದು ಕಷ್ಟ. ಅದಕ್ಕಾಗಿ ಚೆಂಡಿಗೆ ಲೋಹದ ಸಣ್ಣ ಸ್ಟಿಕರ್ ಅಂಟಿಸುವ ಪದ್ಧತಿಯಿದೆ. ಜಾಗ ಚಿಕ್ಕದಿದ್ದರೆ ಕ್ಯಾಮೆರಾದ್ದೇ ವಾಸಿ.

ಯಂತ್ರದ ಸೆಟ್ಟಿಂಗಿನಲ್ಲಿ ಊರಿನ ಎತ್ತರ ತುಂಬುವ ಜಾಗವೊಂದಿರುತ್ತದೆ. ಅದನ್ನು ಸೊನ್ನೆಗೇ ಬಿಟ್ಟಿರುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇಲ್ಲಿ ಗಾಳಿ ತೆಳು, ಚೆಂಡು ನೂರಕ್ಕೆ ಮೂರೂವರೆಯಷ್ಟು ಹೆಚ್ಚು ಹೋಗುತ್ತದೆ. ಇಲ್ಲಿ 150 ಗಜ ಹೋಗುವ ಕ್ಲಬ್ಬು ಚೆನ್ನೈನಲ್ಲಿ ಐದು ಗಜ ಕಡಿಮೆ. ಗುಂಡಿಯಿರುವ ಗ್ರೀನ್ ಮುಂದಿನ ಮರಳಿನ ಬಂಕರಿಗೆ ಬೀಳಲು ಐದು ಗಜ ಧಾರಾಳ.

ಸಿಮ್ಯುಲೇಟರನ್ನು ಜನಜೀವನಕ್ಕೇ ಇಳಿಸಿದವರು ದಕ್ಷಿಣ ಕೊರಿಯಾದವರು. ಅಲ್ಲಿ ಜಾಗ ಕಡಿಮೆ, ಚಳಿ ಹೆಚ್ಚು, ಕೋರ್ಸಿನ ಫೀಸು ಕೈ ಸುಡುತ್ತದೆ. ಕಿಮ್ ಯಂಗ್-ಚಾನ್ 2000ದಲ್ಲಿ ಗಾಲ್ಫ್‌ಜೋನ್ ಕಂಪನಿ ಕಟ್ಟಿದರು. ಈಗ ಆಫೀಸು ಬಿಟ್ಟವರು ಕಟ್ಟಡದ ಮಹಡಿಯೊಂದರಲ್ಲಿ ರೂಮು ಹಿಡಿದು, ತಿಂಡಿ ತರಿಸಿಕೊಂಡು ಒಂದು ರೌಂಡ್ ಆಡಿ ಮನೆಗೆ ಹೋಗುತ್ತಾರೆ. ಟೈಗರ್ ವುಡ್ಸ್, ರೋರಿ ಮೆಕಿಲ್ರಾಯ್ ಸೇರಿ ಹುಟ್ಟುಹಾಕಿದ ಟಿಜಿಎಲ್ ಎಂಬ ಸಿಮ್ಯುಲೇಟರ್ ಲೀಗ್ 2025ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಶುರುವಾಯಿತು. ಅಲ್ಲಿಯ ಪರದೆ 64 ಅಡಿ ಅಗಲ, 53 ಅಡಿ ಎತ್ತರ. ಆದರೂ ನಿಜವಾದ ಹುಲ್ಲಿನ ಮೇಲಿಂದಲೇ ಹೊಡೆಯುತ್ತಾರೆ, ಚೆಂಡನ್ನು ಗುಂಡಿಗೆ ಉರುಳಿಸುವ ಪಟಿಂಗಂತೂ ನೆಲದ ಮೇಲೆ ಹಾಸಿದ ಕೃತಕ ಹುಲ್ಲಿನ ಗ್ರೀನ್ ಮೇಲೆಯೇ ನಡೆಯುತ್ತದೆ. ಅಷ್ಟು ದುಡ್ಡಿದ್ದವರೂ ಪಟಿಂಗನ್ನು ಪರದೆಗೆ ಬಿಡಲಿಲ್ಲ ನೋಡಿ.

ಮನೆಯ ಸಿಮ್ಯುಲೇಟರಿನಲ್ಲಿ ನನಗೆ ತಕರಾರಿರುವುದು ಅಂಕಿಯ ಹುಚ್ಚಿನ ಬಗ್ಗೆ. ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟಿನ ಒಬ್ಬ ಹುಡುಗ ಡ್ರೈವರ್ ಬಿಟ್ಟು ಬೇರೆ ಕ್ಲಬ್ ಮುಟ್ಟುತ್ತಿರಲಿಲ್ಲ. ಪ್ರತಿ ಹೊಡೆತಕ್ಕೂ ವೇಗ ನೋಡುವುದು, ಇನ್ನೂ ಜೋರಾಗಿ ಬೀಸುವುದು. "ಅಣ್ಣಾ, ಇವತ್ತು 250 ದಾಟಿಸಿದೆ" ಎನ್ನುತ್ತಿದ್ದ. ಕೋರ್ಸಿನಲ್ಲಿ ಅದೇ 250 ಗಜ ಪಕ್ಕದ ಫೇರ್‌ವೇಗೆ ಹೋಗುತ್ತಿತ್ತು. ನಾನು ಅವನಿಗೆ ವೇಗದ ಅಂಕಿ ಮುಚ್ಚಿಟ್ಟು ದಿಕ್ಕಿನ ಅಂಕಿ ಒಂದನ್ನೇ ತೋರಿಸುವಂತೆ ಪರದೆ ಹೊಂದಿಸಿಕೊಟ್ಟೆ. ಒಂದು ತಿಂಗಳು ನನ್ನ ಮೇಲೆ ಮುನಿಸಿಕೊಂಡಿದ್ದ. ಅಂಕಿಗಿಂತ ಸಿಮ್ಯುಲೇಟರಿನಲ್ಲಿ ದೊಡ್ಡ ಲಾಭ ಬೇರೆಯಿದೆ: ಅದರಲ್ಲಿ ರೌಂಡ್ ಆಡಿದರೆ ಪ್ರತಿ ಹೊಡೆತಕ್ಕೂ ಕ್ಲಬ್ ಬದಲಾಗುತ್ತದೆ, ಗುರಿ ಬದಲಾಗುತ್ತದೆ. ಕೋರ್ಸಿನಲ್ಲಿ ಒಂದೇ ಕ್ಲಬ್ಬಿನಿಂದ ಸಾಲಾಗಿ ಐವತ್ತು ಚೆಂಡು ಹೊಡೆಯಲು ಯಾರೂ ಬಿಡುವುದಿಲ್ಲವಲ್ಲ. ಬರಿ ಬಲೆ ಇರುವವರೂ ಹೀಗೇ ಆಡಬಹುದು. ಗೊತ್ತಿರುವ ಕೋರ್ಸಿನ ಮೊದಲ ಹೋಲ್ ನೆನೆದುಕೊಂಡು ಡ್ರೈವರ್, ಆಮೇಲೆ ಸೆವೆನ್ ಐರನ್, ಆಮೇಲೆ ವೆಡ್ಜ್.

ಬಲೆಗೂ ದುಡ್ಡಿಲ್ಲ, ಜಾಗವೂ ಇಲ್ಲ ಎನ್ನುವವರೇ ನನ್ನ ಪ್ರಕಾರ ಪುಣ್ಯವಂತರು. ಅವರು ಪಟಿಂಗ್ ಕಲಿಯುತ್ತಾರೆ. 18 ಗುಂಡಿಗಳ ಕೋರ್ಸಿನ ಪಾರ್, ಅಂದರೆ ಮುಗಿಸಲು ನಿಗದಿಯಾದ ಹೊಡೆತ, ಸಾಮಾನ್ಯವಾಗಿ 72. ಅದರಲ್ಲಿ ಗುಂಡಿಗೆ ಎರಡರಂತೆ 36 ಹೊಡೆತ ಪಟಿಂಗಿಗೇ ಮೀಸಲು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದಾಗ ದೂರ ಹೊಡೆಯುವುದರಲ್ಲಿ ಉಳಿದವರಿಗಿಂತ ಬಹಳ ಹಿಂದಿದ್ದರು. ಪದಕದ ಬಾಗಿಲಿಗೆ ಕರೆದೊಯ್ದದ್ದು ಪಟರ್. ಹತ್ತಡಿ ದೂರದ ಪಟಿಂಗಿನಲ್ಲಿ ಚೆಂಡು ಒಂದೇ ಒಂದು ಡಿಗ್ರಿ ತಪ್ಪಿ ಹೊರಟರೆ ಗುಂಡಿಯ ಹತ್ತಿರ 5.3 ಸೆಂಟಿಮೀಟರ್ ಆಚೆ ಹೋಗಿರುತ್ತದೆ. ಗುಂಡಿಯ ಅಗಲ 10.8 ಸೆಂಟಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 5.4. ಅಲ್ಲಿಗೆ ನಮಗಿರುವ ಅವಕಾಶ ಒಂದು ಡಿಗ್ರಿ.

ಆ ಒಂದು ಡಿಗ್ರಿ ತಿದ್ದಲು ಹಾಲಿನ ಟೈಲ್ಸೇ ಸಾಕು. ಟೈಲ್ಸಿನ ಸಂದಿನ ಗೆರೆಗಿಂತ ನೇರ ಗೆರೆ ಮನೆಯಲ್ಲಿ ಇನ್ನೊಂದಿಲ್ಲ. ಬರಿ ಟೈಲ್ಸಿನ ಮೇಲೆ ಚೆಂಡು ಓಡಿಬಿಡುತ್ತದೆ, ಆದ್ದರಿಂದ ಉದ್ದನೆಯ ಕಾರ್ಪೆಟ್ಟೊಂದನ್ನು ಅಂಚು ಗೆರೆಗೆ ಕೂಡುವಂತೆ ಹಾಸಿ. ಪಟರಿನ ತಲೆಗಿಂತ ಒಂದು ಬೆರಳು ಹೆಚ್ಚು ಜಾಗ ಬಿಟ್ಟು ಎರಡು ಬೆಂಕಿಪೊಟ್ಟಣ ನಿಲ್ಲಿಸಿ, ಅವುಗಳ ನಡುವೆ ಪಟರ್ ಹಾಯಿಸಿ. ಎದುರಿಗೆ ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, ಉರುಳದಂತೆ ಹಿಂದೊಂದು ಪುಸ್ತಕ ಒತ್ತಿಡಿ. ಲೋಟದ ಬಾಯಿ ಗುಂಡಿಗಿಂತ ಎಷ್ಟೋ ಚಿಕ್ಕದು. ಮೊದಮೊದಲು ಒಂದೂ ಒಳಗೆ ಹೋಗುವುದಿಲ್ಲ. ಮೂರಡಿಯಿಂದ ಶುರುಮಾಡಿ, ಅಲ್ಲಿ ಸಾಲಾಗಿ ಹತ್ತು ಬಿದ್ದ ಮೇಲೆ ಒಂದಡಿ ಹಿಂದೆ ಸರಿಯಿರಿ.