ಸ್ವಲ್ಪ ಅಡ್ಜಸ್ಟ್ ಮಾಡಿ

ಹೊಸನಗರದಿಂದ ಸಾಗರಕ್ಕೋ ತೀರ್ಥಹಳ್ಳಿಗೋ ಹೊರಟ ಬಸ್ಸಿನಲ್ಲಿ, ಮೂವರು ಕುಳಿತ ಸೀಟಿನಲ್ಲಿ ನಾಲ್ಕನೆಯವರಿಗೆ ಎಡೆ ಬೇಡುವಾಗ ನಮ್ಮ ಬಾಯಿಗೆ ಬರುವ ಮಾತು ಒಂದೇ: ‘ಸ್ವಲ್ಪ ಅಡ್ಜಸ್ಟ್ ಮಾಡಿ.’

ಫ್ರೆಂಚ್ ಭಾಷೆಯ ಮಾರ್ಗವಾಗಿ ಇಂಗ್ಲಿಷಿಗೆ ಬಂದ ‘ಅಡ್ಜಸ್ಟ್’ ಎಂಬ ಈ ಕ್ರಿಯಾಪದದ ಮೂಲವು ಲ್ಯಾಟಿನ್ನಿನ ‘ಯುಕ್ಸ್ತಾ’, ಎಂದರೆ ಪಕ್ಕ, ಸಮೀಪ. ಈ ಕ್ರಿಯಾಪದವು ‘ಯುಸ್ತುಸ್’, ಅಂದರೆ ನ್ಯಾಯವಾದುದು, ಎಂಬ ಬೇರೊಂದು ಶಬ್ದದಿಂದ ಹುಟ್ಟಿತೆಂದು ಜನರು ಭ್ರಮಿಸಿದುದರಿಂದ ‘ಸರಿಪಡಿಸು’, ‘ಅಳತೆಗೆ ತರು’ ಎಂಬ ಅರ್ಥಗಳು ಬಲಗೊಂಡವು. ಗಡಿಯಾರದ ಮುಳ್ಳು, ಕನ್ನಡಕದ ಚೌಕಟ್ಟು, ವಿಮೆಯ ಪರಿಹಾರದ ಮೊತ್ತ, ಹೊಸ ಪರಿಸರದಲ್ಲಿ ತೊಳಲುವ ಮನಸ್ಸು—ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಬಸ್ಸಿನಲ್ಲಿ ಪಕ್ಕಕ್ಕೆ ಸರಿಯಿರೆನ್ನುವ ನಮ್ಮ ಪ್ರಯೋಗವು ಲಂಡನ್ನಿನವನಿಗೆ ವಿಚಿತ್ರವೆನಿಸೀತು. ನನಗಾದರೋ ಅದೇ ಆ ಪ್ರಾಚೀನ ಮೂಲಾರ್ಥಕ್ಕೆ ಹೆಚ್ಚು ನಿಷ್ಠವಾದುದೆಂದು ತೋರುತ್ತದೆ.

ಇಂತಹ ಪರಭಾಷೆಯ ಧಾತುವಿಗೆ ಕನ್ನಡವು ಸಾಮಾನ್ಯವಾಗಿ ನೇರವಾಗಿ ಪ್ರತ್ಯಯವನ್ನು ಹಚ್ಚದು. ‘ಮಾಡು’, ‘ಆಗು’ ಎಂಬ ತನ್ನ ಕ್ರಿಯೆಗಳನ್ನು ಊರುಗೋಲಾಗಿ ಕೊಟ್ಟು ನಡೆಸುವುದು. ಆದಕಾರಣವೇ ಜಾಗವನ್ನು ಅಡ್ಜಸ್ಟ್ ಮಾಡುತ್ತೇವೆ; ಹೊಸ ಮನೆಗೆ ಬಂದ ಸೊಸೆಯು ಅಡ್ಜಸ್ಟ್ ಆಗುತ್ತಾಳೆ. ಅತ್ತೆಯೂ ಆಗಬಹುದೆಂಬುದನ್ನು ಯಾವ ವ್ಯಾಕರಣವೂ ನಿಷೇಧಿಸಿಲ್ಲ.